ಒಂದು ಮತ, ಅರ್ಧ ಮತ, ಕಾಲು ಮತ

24 ಸೆಪ್ಟೆಂಬರ್ 2022, ಶನಿವಾರ

ಇವತ್ತು ನೌರುವಿನಲ್ಲಿ ಸಂಸತ್ತಿಗೆ ಮತದಾನ. ಪೆಸಿಫಿಕ್ ಸಾಗರದ 21 ಚದರ ಕಿಲೋಮೀಟರ್ ದೇಶ. ಎಂಟು ಕ್ಷೇತ್ರ, 19 ಸೀಟು. ಮೆನೆಂಗ್‌ಗೆ ಮೂರು, ನಾಲ್ಕು ಜಿಲ್ಲೆ ಕೂಡಿಸಿದ ಉಬೆನಿಡೆಗೆ ನಾಲ್ಕು, ಮಿಕ್ಕವಕ್ಕೆ ಎರಡೆರಡು. 20 ತುಂಬಿದವರಿಗೆ ಮತದಾನ ಕಡ್ಡಾಯ.

ದೇಶ ಪುಟ್ಟದಾದರೂ ಎಣಿಕೆ ಸಲೀಸಲ್ಲ. ಕಣದಲ್ಲಿರುವ ಪ್ರತಿ ಹೆಸರಿನ ಮುಂದೆಯೂ ಇಷ್ಟದ ಕ್ರಮದಲ್ಲಿ 1, 2, 3 ಎಂದು ಕೊನೆಯವರೆಗೆ ಬರೆಯಬೇಕು. ನಮ್ಮ ಪದವೀಧರ ಕ್ಷೇತ್ರದಲ್ಲಾದರೆ 1 ಎಂದಷ್ಟೇ ಬರೆದರೂ ಮತ ಊರ್ಜಿತ. ನೌರುವಿನಲ್ಲಿ ಒಂದು ಹೆಸರು ಬಿಟ್ಟುಹೋದರೆ, ಒಂದೇ ಅಂಕಿ ಎರಡು ಕಡೆ ಬಿದ್ದರೆ, ಇಡೀ ಚೀಟಿ ತಿರಸ್ಕೃತ.

1 ಸಿಕ್ಕವರಿಗೆ ಪೂರ್ತಿ ಒಂದು ಮತ, 2ಕ್ಕೆ ಅರ್ಧ, 3ಕ್ಕೆ 0.333, 4ಕ್ಕೆ ಕಾಲು, 5ಕ್ಕೆ 0.2, 6ಕ್ಕೆ 0.167. ಕೂಡಿಸಿ, ಹೆಚ್ಚು ಬಂದವರಿಂದ ಶುರುಮಾಡಿ ಸೀಟು ತುಂಬುವುದು. ಮತ ವರ್ಗಾವಣೆ ಇಲ್ಲ. 1971ರಲ್ಲಿ ಬಂದ ಈ ಲೆಕ್ಕಕ್ಕೆ ಅದನ್ನು ರೂಪಿಸಿದ ಅಧಿಕಾರಿ ಡೆಸ್ಮಂಡ್ ಡೌಡಾಲ್ ಹೆಸರೇ ಉಳಿದಿದೆ.

ಲೆಕ್ಕ ಹೀಗೆ ತಿರುಗುತ್ತದೆ: ನಾಲ್ವರು ಅಭ್ಯರ್ಥಿಗಳು, 100 ಚೀಟಿ ಎನ್ನಿ. ಒಬ್ಬರಿಗೆ 45 ಚೀಟಿಯಲ್ಲಿ 1, ಉಳಿದ 55ರಲ್ಲಿ 4: 45 + 13.75 = 58.75. ಇನ್ನೊಬ್ಬರಿಗೆ 20ರಲ್ಲಿ 1, 80ರಲ್ಲಿ 2: 20 + 40 = 60. ಮೊದಲ ಆಯ್ಕೆ ಎದುರಾಳಿಯ ಅರ್ಧಕ್ಕಿಂತ ಕಡಿಮೆ ಬಿದ್ದವರೇ ಮುಂದೆ! ಅಲ್ಲಿ ಪ್ರಚಾರಕ್ಕೆ ಹೋದವರು ‘ನನಗೆ 1 ಕೊಡದಿದ್ದರೂ 2 ಕೊಡಿ’ ಎಂದು ಕೇಳುವುದು ಲಾಭದ ಮಾತೇ. 5, 6ರ ನಡುವೆ ಮಾತ್ರ 0.033ರ ವ್ಯತ್ಯಾಸ, ಬೇಡದವರನ್ನು ಐದರಿಂದ ಆರಕ್ಕೆ ತಳ್ಳಿ ಸಿಗುವುದು ಅಷ್ಟೇ.

ತಪ್ಪು ಹಿಡಿಯಲು ಒಂದು ತಾಳೆ ಇದೆ. ಆರು ಜನ ಇರುವಲ್ಲಿ ಊರ್ಜಿತ ಚೀಟಿ ಒಂದಕ್ಕೆ ಒಟ್ಟು 2.45. ಚೀಟಿಗಳ ಸಂಖ್ಯೆಯನ್ನು ಅದರಿಂದ ಗುಣಿಸಿದರೆ ಎಲ್ಲರ ಮೊತ್ತಕ್ಕೆ ಸರಿಹೊಂದಬೇಕು. ಇಲ್ಲವಾದರೆ ಎಲ್ಲೋ ಒಂದು ಅಂಕಿ ಪಕ್ಕದ ಸಾಲಿಗೆ ಹೋಗಿದೆ.

ಪಕ್ಷಗಳ ಹಿಡಿತ ಇಲ್ಲವೆನ್ನುವಷ್ಟು ಕಡಿಮೆ. ಗೆದ್ದವರೇ ಸೇರಿ ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಮೊದಲು 18 ಸೀಟಿತ್ತು. 2010ರ ಏಪ್ರಿಲ್‌ನಲ್ಲಿ ಎರಡು ಬಣ 9–9 ಆಗಿ ಸಿಕ್ಕಿಹಾಕಿಕೊಂಡು, ಜೂನ್‌ನಲ್ಲಿ ಮತ್ತೆ ಚುನಾವಣೆ ಮಾಡಿದರೂ ಗಂಟು ಬಿಡಿಸಲಾಗಲಿಲ್ಲ. ಹತ್ತೊಂಬತ್ತನೆಯ ಸೀಟು ಬಂದದ್ದು ಅದಾದ ಮೇಲೆ.