ಬ್ಯೂಟಿಷಿಯನ್ ಕೋರ್ಸಿಗೆ ಸಾಲ ಮಾಡುವ ಮೊದಲು ಮೊದಲ ವರ್ಷದ ಸಂಬಳ ಕೇಳಿ

ನಾನು ಕೆಲಸ ಮಾಡುವುದು ಮೈಸೂರಿನ ಒಂದು ಸಲೂನ್‌ನಲ್ಲಿ. ಕೆಳಗೆ ಸಲೂನ್, ಮೇಲಿನ ಮಹಡಿಯಲ್ಲಿ ಅದೇ ಮಾಲೀಕರ ಅಕಾಡೆಮಿ. ಸರ್ವಿಸ್ ಟಾರ್ಗೆಟ್, ಕ್ರೀಮು-ಶಾಂಪೂ ಮಾರುವ ರೀಟೇಲ್ ಟಾರ್ಗೆಟ್ ಸಾಲದು ಅಂತ ಈಗ ನಮಗೆ ಅಕಾಡೆಮಿಗೆ ಹುಡುಗಿಯರನ್ನು ಸೇರಿಸುವ ಅಡ್ಮಿಷನ್ ಟಾರ್ಗೆಟ್ ಬೇರೆ ಹಾಕಿದ್ದಾರೆ. ಇದು ತಪ್ಪು. ಐಬ್ರೋ ಮಾಡಿಸಿಕೊಳ್ಳಲು ಬಂದ ಹುಡುಗಿಗೆ ಕೋರ್ಸ್ ಮಾರುವುದು ಬ್ಯೂಟಿಷಿಯನ್ ಕೆಲಸ ಅಲ್ಲ.

ಆಷಾಢದಲ್ಲಿ ಒಂದು ಮಧ್ಯಾಹ್ನ. ಮದುವೆ ಇಲ್ಲ, ವಾಕ್-ಇನ್ ಇಲ್ಲ, ಫ್ಲೋರ್ ಖಾಲಿ. ಕೆ.ಆರ್. ಪೇಟೆ ಕಡೆಯವರೊಬ್ಬರು ಮಗಳ ಜೊತೆ ಮೇಲಿನಿಂದ ಇಳಿದು ಬಂದರು. ಕೈಯಲ್ಲಿ ಹೊಳೆಯುವ ಬ್ರೋಷರ್. ಫೀಸು ಒಂದೂವರೆ ಲಕ್ಷ, ಕಿಟ್ ಬೇರೆ, ಸಾಲ ಅವರೇ ಮಾಡಿಸಿಕೊಡುತ್ತಾರಂತೆ. ಕೋರ್ಸ್ ಮುಗಿದ ಕೂಡಲೇ ತಿಂಗಳಿಗೆ 30 ಸಾವಿರ ಅಂತ ಅಕಾಡೆಮಿಯ ಅಡ್ಮಿಷನ್ ಕೌನ್ಸೆಲರ್ ಹೇಳಿ ಕಳಿಸಿದ್ದರು. ಆ ಹುಡುಗಿಯ ಅಪ್ಪ ಸೀದಾ ನನ್ನ ಚೇರ್ ಹತ್ತಿರ ಬಂದು, "ನೀನು ಇಲ್ಲೇ ಕೆಲ್ಸ ಮಾಡೋದಲ್ವೇನವ್ವ? ಮೂವತ್ತು ಸಾವ್ರ ಕೊಟ್ಟಾರಾ? ನಿಜ ಹೇಳವ್ವ. ಒಡವೆ ಇಟ್ಟಾದ್ರೂ ಕಟ್ತೀನಿ, ಆದ್ರೆ ನಿಜ ಹೇಳು" ಅಂದರು.

ಬಿಲ್ಲಿಂಗ್ ಕೌಂಟರ್‌ನಿಂದ ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ಮುಂದಿನ ವಾರ ನನ್ನ ಅಪ್ರೈಸಲ್. ಗಂಟಲು ಒಣಗಿತು. ಟ್ರಾಲಿ ಮೇಲಿದ್ದ ದಾರದ ಉಂಡೆಯನ್ನು ಸುಮ್ನೆ ಆ ಕಡೆ ಈ ಕಡೆ ಸರಿಸುತ್ತಾ ನಿಂತೆ. "ಸೀನಿಯರ್ ಆದಮೇಲೆ ಬರುತ್ತೆ" ಅಂತ ಅರ್ಧ ನಿಜ ಹೇಳಿ ಜಾರಿಕೊಳ್ಳಬಹುದಿತ್ತು. ಆ ಹುಡುಗಿ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು. "ಮೊದಲ ವರ್ಷ ಅಷ್ಟು ಬರಲ್ಲ ಅಣ್ಣ. ನಮ್ಮಲ್ಲಿ ಜೂನಿಯರ್‌ಗೆ 13 ಸಾವಿರ" ಅಂದೆ. ಬೇಜಾರಾಗಿ ಹೊರಟುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಬ್ರೋಷರ್ ತಿರುಗಿಸಿ, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. "ಬರ್ದು ತೋರ್ಸವ್ವ."

ಬರೆದೆ. ಒಂದೂವರೆ ಲಕ್ಷ ಸಾಲ, ಶೇಕಡಾ 14 ಬಡ್ಡಿ, 3 ವರ್ಷ. ಕಂತು ತಿಂಗಳಿಗೆ 5,100 ದಾಟುತ್ತದೆ. ಪಿಜಿ, ಊಟ ಸೇರಿ 6,500. ಹದಿಮೂರರಲ್ಲಿ ಉಳಿಯುವುದು 1,400. ಅದರಲ್ಲೇ ಬಸ್ಸು, ಫೋನು, ಕಪ್ಪು ಯೂನಿಫಾರ್ಮು, ದಿನವಿಡೀ ನಿಲ್ಲೋಕೆ ಒಂದು ಒಳ್ಳೆ ಶೂ.

"ಇನ್ಸೆಂಟಿವ್ ಇದೆಯಲ್ಲ" ಅಂತ ಮ್ಯಾನೇಜರ್ ಅಲ್ಲಿಂದಲೇ ಕೂಗಿದರು. ಇದೆ, ಅದನ್ನೂ ಬರೆದೆ. ಸಂಬಳದ ನಾಲ್ಕು ಪಟ್ಟು ಬಿಲ್ ಮಾಡಿದ ಮೇಲೆ ಶುರು, ಅಂದರೆ 52 ಸಾವಿರ. ಜೂನಿಯರ್ ಕೈಗೆ ಸಿಗುವುದು ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಹೆಡ್ ವಾಶ್. ಐಬ್ರೋಗೆ 60 ರೂಪಾಯಿ. ಬರೀ ಐಬ್ರೋದಲ್ಲೇ ಟಾರ್ಗೆಟ್ ಮುಟ್ಟಬೇಕಾದರೆ 26 ದಿನ, ದಿನಕ್ಕೆ 33ಕ್ಕೂ ಹೆಚ್ಚು ಮುಖ. ವ್ಯಾಕ್ಸಿಂಗ್ ಸೇರಿಸಿದರೂ ಆಷಾಢದಲ್ಲಿ ಕಷ್ಟವೇ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಜನ ಬರುತ್ತಾರೆ ನಿಜ, ಆದರೆ ಗ್ಲೋಬಲ್ ಕಲರ್ (ಇಡೀ ತಲೆಗೆ ಬಣ್ಣ), ಕೂದಲು ನಯ ಮಾಡುವ ಕೆರಾಟಿನ್‌ನಂಥ ದೊಡ್ಡ ಬಿಲ್ಲೆಲ್ಲಾ ಸೀನಿಯರ್ ಹೆಸರಿಗೇ ಹೋಗುತ್ತದೆ.

ಅವರು ಬ್ರೋಷರ್ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮರುದಿನ ಬ್ರೀಫಿಂಗ್‌ನಲ್ಲಿ ಮ್ಯಾನೇಜರ್, ಸ್ಟಾಫ್ ಯಾರೂ ಸಂಬಳದ ಬಗ್ಗೆ ಹೊರಗಿನವರ ಹತ್ತಿರ ಮಾತಾಡಬಾರದು ಅಂತ ಎಲ್ಲರ ಮುಂದೆ ಹೇಳಿದರು. ಅಪ್ರೈಸಲ್‌ನಲ್ಲಿ ಇನ್ಕ್ರಿಮೆಂಟ್ ಇಲ್ಲ. ಕಾರಣ ಕೇಳಿದರೆ ಜಿಎಸ್‌ಟಿ ಅಂದರು. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಯ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತಲ್ಲ, ಅದರ ಜೊತೆಗೇ ಇನ್‌ಪುಟ್ ಕ್ರೆಡಿಟ್ ಹೋಯಿತು. ಕಲರ್, ವ್ಯಾಕ್ಸ್, ಬಾಡಿಗೆಗೆ ಕಟ್ಟಿದ ತೆರಿಗೆ ವಾಪಸ್ ಬರಲ್ಲ ಅನ್ನುವುದು ನಿಜ. ಅದನ್ನು ನಮ್ಮ ಸಂಬಳದಲ್ಲೇ ಯಾಕೆ ಹಿಡೀಬೇಕು? ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಈ ಕೆಲಸ ಬೇಡ ಅಂತ ನಾನು ಯಾರಿಗೂ ಹೇಳಲ್ಲ. ಕೈ ಪಳಗಿದರೆ ಒಳ್ಳೆ ಕೆಲಸ. ಆದರೆ ಕೈ ಪಳಗುವುದು ಡಮ್ಮಿ ತಲೆ ಮೇಲಲ್ಲ. ಥ್ರೆಡ್ಡಿಂಗ್ ಮಾಡುವಾಗ ಕಸ್ಟಮರ್ ತಮ್ಮ ಕೈಯಿಂದಲೇ ರೆಪ್ಪೆ ಹಿಗ್ಗಿಸಿ ಹಿಡಿಯಬೇಕು. ಸ್ವಲ್ಪ ಸಡಿಲ ಬಿಟ್ಟರೂ ದಾರಕ್ಕೆ ಚರ್ಮ ಸಿಕ್ಕಿ ಕುಯ್ಯುತ್ತದೆ. ಬೆವರಿದ ಮುಖಕ್ಕೆ ಪೌಡರ್ ಎಷ್ಟು, ನೋವಿಗೆ ಕಣ್ಣು ಪಟಪಟ ಬಡಿಯುವವರಿಗೆ ಎಷ್ಟು ಹೊತ್ತು ಬಿಡಬೇಕು, ಇದೆಲ್ಲ ನಿಜವಾದ ಮುಖದ ಮೇಲೇ ಗೊತ್ತಾಗೋದು.

ಬರೀ ಬೇಸಿಕ್ ಕಲಿಯೋಕೆ ಒಂದೂವರೆ ಲಕ್ಷ ಬೇಕಾಗಿಲ್ಲ. ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವ-ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್, ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿಗಳು ಹಳ್ಳಿ ಕಡೆಯವರಿಗೆ ಬ್ಯೂಟಿ ಪಾರ್ಲರ್ ತರಬೇತಿಯನ್ನು ಊಟ, ವಸತಿ ಸಮೇತ ಉಚಿತವಾಗಿ ಕೊಡುತ್ತವೆ. ಸುಮಾರು ಒಂದು ತಿಂಗಳು. ಊರಲ್ಲೇ ಮನೆ ಮುಂದಿನ ರೂಮಿನಲ್ಲಿ ಶುರು ಮಾಡುವವರಿಗೆ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ 50 ಸಾವಿರದವರೆಗೆ ಸಿಗುತ್ತದೆ, ಒಡವೆ ಅಡ ಇಡಬೇಕಾಗಿಲ್ಲ. ಸರ್ಟಿಫಿಕೇಟ್ ಮುಖ್ಯ ಅನ್ನುವವರಿಗೆ ಐಟಿಐಯಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಟ್ರೇಡ್ ಇದೆ. ಹತ್ತಿರದ ಐಟಿಐಯಲ್ಲಿ ಆ ಟ್ರೇಡ್ ಇದೆಯಾ ವಿಚಾರಿಸಿ.

ಒಂದು ತಿಂಗಳ ತರಬೇತಿಯಲ್ಲಿ ಹೇರ್ ಕಲರ್ ಬರಲ್ಲ, ಅದೂ ನಿಜ. ಕಲರ್ ಜೊತೆ ಬೆರೆಸುವ ಡೆವಲಪರ್ ಯಾವ ಕೂದಲಿಗೆ 20 ವಾಲ್ಯೂಮ್, ಯಾವುದಕ್ಕೆ ಇನ್ನೂ ಸ್ಟ್ರಾಂಗ್ ಆದ 30, ಮೆಹಂದಿ ಹಚ್ಚಿದ ತಲೆಗೆ ಸ್ಟ್ರಾಂಡ್ ಟೆಸ್ಟ್ (ಮೊದಲು ನಾಲ್ಕು ಕೂದಲಿಗೆ ಹಚ್ಚಿ ನೋಡುವುದು) ಮಾಡದೆ ಯಾಕೆ ಕೈ ಹಾಕಬಾರದು, ಇದಕ್ಕೆ ದುಡ್ಡು ಕೊಟ್ಟು ಕಲಿಯುವುದರಲ್ಲಿ ಅರ್ಥ ಇದೆ. ಬ್ರೈಡಲ್ ಮೇಕಪ್‌ಗೂ ಅಷ್ಟೇ. ಆದರೆ ಸ್ವಲ್ಪ ಕಾಲ ಫ್ಲೋರ್‌ನಲ್ಲಿ ನಿಂತು ನಿಮ್ಮ ಕೈ ಯಾವುದಕ್ಕೆ ಓಡುತ್ತದೆ ಅಂತ ಗೊತ್ತಾದ ಮೇಲೆ ಅದೊಂದನ್ನೇ ಕಲಿಯಿರಿ.

ಅಷ್ಟಾದರೂ ದೊಡ್ಡ ಕೋರ್ಸೇ ಬೇಕು ಅನ್ನುವವರು ಹೋದ ಬ್ಯಾಚಿನವರ ಜೊತೆ ಮಾತಾಡಿಸಿ ಅಂತ ಅಕಾಡೆಮಿಯವರನ್ನೇ ಕೇಳಿ. ಅವರಿಗೆ ಈಗ ಕೈಗೆ ಎಷ್ಟು ಬರುತ್ತಿದೆ ಅಂತ ವಿಚಾರಿಸಿ. ಪ್ಲೇಸ್‌ಮೆಂಟ್ ಅಂದರೆ ಕೆಲಸವಾ, ಬರೀ ಇಂಟರ್‌ವ್ಯೂನಾ? ಕೈ ಪಳಗಿಸಿಕೊಳ್ಳೋಕೆ ಎಷ್ಟು ಲೈವ್ ಮಾಡೆಲ್, ಅಂದರೆ ನಿಜವಾದ ಜನರನ್ನು, ಕೊಡುತ್ತಾರೆ? ಮಾಡೆಲ್ ನೀವೇ ಕರ್ಕೊಂಡು ಬನ್ನಿ ಅಂದರೆ, ಹಾಗಾದರೆ ಫೀಸ್ ಎಷ್ಟು ಕಡಿಮೆ ಮಾಡ್ತೀರಿ ಅಂತ ಅಲ್ಲೇ ಕೇಳಿ.