ಯಾರಿಂದ ಈ ಗುಟ್ಟು?

ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾ ಮೊಬೈಲಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯ ಹತ್ಯೆಯ ಗುಟ್ಟಿನ ಕಡತ ಓದುತ್ತಿದ್ದೆ. 2025ರ ಮಾರ್ಚಿನಲ್ಲಿ ಅಮೆರಿಕ ಬಿಡುಗಡೆ ಮಾಡಿದ್ದು. ಟೈಪ್‌ರೈಟರಿನ ಮಾಸಿದ ಅಕ್ಷರ, ಓರೆಯಾಗಿ ಬಿದ್ದ ಸೀಲು. ಕೆಲವು ಪುಟ ಓದಲಿಕ್ಕೇ ಆಗುವುದಿಲ್ಲ. ಆದರೂ ಕೈಗೆ ಸಿಕ್ಕಿತಲ್ಲ ಮಾರಾಯ್ರೆ!

ನಮ್ಮಲ್ಲಿ 2016ರಲ್ಲಿ ನೇತಾಜಿಯ 100 ಕಡತ ಹೊರಬಂತು, ಸರಿ. ಆದರೆ 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಸೇನೆಯವರೇ ಬರೆದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇನ್ನೂ ಬಿಟ್ಟಿಲ್ಲ. 2014ರಲ್ಲೇ ಒಬ್ಬ ವಿದೇಶಿ ಪತ್ರಕರ್ತ ಅದರ ದೊಡ್ಡ ಭಾಗವನ್ನು ಇಂಟರ್‌ನೆಟ್ಟಿಗೆ ಹಾಕಿಯೂ ಆಯ್ತು. ಚೀನಾದವರೂ ಓದಿರುತ್ತಾರೆ, ಅಲ್ವಾ? ಇನ್ನು ಮುಚ್ಚಿಡುವುದು ಯಾರಿಂದ, ನಮ್ಮಿಂದಲಾ?

ಇವತ್ತಿನ ಗಡಿಯ ಗುಟ್ಟು ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಆ ಯುದ್ಧ ಆದಾಗ ನಮ್ಮ ಅಜ್ಜಿಗೆ ಮದುವೆಯೇ ಆಗಿರಲಿಲ್ಲ.