ಕೇರಂ ಪೌಡರ್ ಮತ್ತು ಲಿವರ್

ನಿನ್ನೆ ಕೇರಂ ಬೋರ್ಡಿಗೆ ಪೌಡರ್ ಹಾಕುವಾಗ ಡಬ್ಬಿ ಮೇಲೆ ಕಣ್ಣು ಹೋಯಿತು: ಬೋರಿಕ್ ಆಸಿಡ್. ತೈವಾನಿನ ಸಂಶೋಧಕರು ಲಿವರ್ ಕ್ಯಾನ್ಸರ್ ಇದ್ದ ಇಲಿ, ಮೊಲಗಳಿಗೆ ಇದನ್ನೇ ಔಷಧಿಯಾಗಿ ಕೊಟ್ಟು ನೋಡಿದ್ದಾರೆ. ಡಬ್ಬಿಯದನ್ನಲ್ಲ ಮಾರಾಯ್ರೆ, ಬೋರಾನ್-10 (ಬೋರಾನ್ ಧಾತುವಿನದೇ ಒಂದು ಬಗೆ) ಜಾಸ್ತಿ ಇರುವಂಥದ್ದನ್ನು.

ಬೋರಾನ್ ಗೆಡ್ಡೆಯೊಳಗೆ ಸೇರಿದ ಮೇಲೆ ಹೊರಗಿನಿಂದ ನ್ಯೂಟ್ರಾನ್ ಬಿಡುತ್ತಾರೆ. ಬೋರಾನ್-10 ಅದನ್ನು ನುಂಗಿ ಅಲ್ಲೇ ಒಡೆಯುತ್ತದೆ. ಚೂರುಗಳು ಹಾರುವುದು 10 ಮೈಕ್ರೋಮೀಟರಿಗಿಂತ ಕಡಿಮೆ. ಹೆಚ್ಚುಕಮ್ಮಿ ಒಂದು ಜೀವಕೋಶದಷ್ಟು ದೂರ, ಅಷ್ಟೇ. ಹಾಗಾಗಿ ಸಾಯುವುದು ಹೆಚ್ಚಾಗಿ ಬೋರಾನ್ ಸೇರಿದ ಕೋಶವೇ.

ಕಷ್ಟ ಇರೋದು ಔಷಧಿಯಲ್ಲಿ. ಗೆಡ್ಡೆಯ ಪ್ರತಿ ಗ್ರಾಂಗೆ ಸುಮಾರು 20 ಮೈಕ್ರೋಗ್ರಾಂ ಬೋರಾನ್-10 ಸೇರಬೇಕು, ಪಕ್ಕದ ಒಳ್ಳೆ ಲಿವರಿಗೆ ಆದಷ್ಟು ಹೋಗಬಾರದು. ರಕ್ತದಲ್ಲಿ ಬಂದದ್ದನ್ನೆಲ್ಲ ತಡೆದು ನೋಡುವುದೇ ಕಸುಬಾದ ಅಂಗಕ್ಕೆ ಇದನ್ನು ಹೇಳೋದು ಹೇಗೆ?

2001ರಲ್ಲಿ ಇಟಲಿಯ ಪಾವಿಯಾದಲ್ಲಿ ರೋಗಿಗೆ ಬೋರಾನ್ ಔಷಧಿ ಕೊಟ್ಟು, ಲಿವರನ್ನೇ ಹೊರಗೆ ತೆಗೆದು, ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಹಾಯಿಸಿ, ವಾಪಸ್ ಕೂರಿಸಿದ್ದರು. ಎಂಥಾ ಧೈರ್ಯ ಅಲ್ವಾ!

ಇದನ್ನೆಲ್ಲ ಮಗಳಿಗೆ ಹೇಳುತ್ತಾ ಕೂತೆ. ಅವಳು ಹೂಂಗುಟ್ಟುತ್ತಲೇ ರೆಡ್ ಹಾಕಿ, ಫಾಲೋ ಕೂಡ ಹಾಕಿಬಿಟ್ಟಳು.